ಮುಸುವ ನೋಡಲು ಲಂಡನ್ನಿಗೆ

ಊರಿಂದ ಯಾರೇ ಬರಲಿ, ಲಂಡನ್ನಿನ ಹ್ಯಾರೋದ ನಮ್ಮ ಮನೆಯಲ್ಲಿ ತೋರಿಸುವ ಪಟ್ಟಿಯೊಂದು ತಯಾರಿದೆ: ಅರಮನೆ, ದೊಡ್ಡ ಗಡಿಯಾರ, ಸೇತುವೆ, ಮೇಣದ ಗೊಂಬೆ. 2018ರ ಬೇಸಿಗೆಯಲ್ಲಿ ಸಾಗರದ ಕಡೆಯಿಂದ ಬಂದ ಅತ್ತೆ-ಮಾವ ನಾಲ್ಕೇ ದಿನದಲ್ಲಿ ಅದನ್ನೆಲ್ಲ ನೋಡಿ ಮುಗಿಸಿದರು. ಐದನೇ ದಿನ ಬೆಳಿಗ್ಗೆ ಕಾಫಿ ಕುಡಿದು, ಸೋಫಾದಲ್ಲಿ ಕೂತು, “ಇವತ್ತೆಂತ?” ಅಂದರು. ವೀಸಾ ಇನ್ನೂ ಐದು ತಿಂಗಳಿತ್ತು. ನಾವು ಝೂಗೆ ಹೊರಟೆವು.

ಬೇಕರ್ ಸ್ಟ್ರೀಟ್‌ವರೆಗೆ ರೈಲು, ಅಲ್ಲಿಂದ 274ನೇ ನಂಬರಿನ ಬಸ್ಸು. ಚಿತ್ರಾನ್ನದ ಡಬ್ಬಿ ನಮ್ಮ ಯಜಮಾನರ ಬೆನ್ನ ಮೇಲೆ, ಮೊಸರನ್ನದ ಡಬ್ಬಿ ನನ್ನ ಬೆನ್ನ ಮೇಲೆ. ಅತ್ತೆ ಸೀರೆ, ಸ್ವೆಟರು, ಸ್ಪೋರ್ಟ್ಸ್ ಶೂ. ಮಾವನಿಗೆ ಜುಲೈ ಬಿಸಿಲಿನಲ್ಲೂ ಮಂಕಿಕ್ಯಾಪ್ ಬೇಕು. ಝೂಗೆ ಹೋಗುವಾಗ ಅದು ಬೇಡವೇನೋ ಅಂತ ನನಗೆ ಅನ್ನಿಸಿತು, ಸೊಸೆಯಾದ್ದರಿಂದ ಹೇಳಲಿಲ್ಲ.

ಪೌಂಡನ್ನು ರೂಪಾಯಿಗೆ ಗುಣಿಸಿ ಎದೆ ಹಿಡಿದುಕೊಳ್ಳುವುದು ನನ್ನಂಥ ಬೆಂಗಳೂರಿನವರ ಚಟ. ಅತ್ತೆಯದು ಅಡಿಕೆ ಲೆಕ್ಕ. ಐದು ಜನರ ಟಿಕೆಟ್ಟಿನ ಮೊತ್ತ ಕೇಳಿ, ಒಂದು ಗಳಿಗೆ ಕಣ್ಣು ಮುಚ್ಚಿ, “ಹತ್ತಿರ ಹತ್ತಿರ ಕಾಲು ಕ್ವಿಂಟಾಲ್ ರಾಶಿ ಅಡಿಕೆ” ಎಂದರು. ಆಮೇಲೆ ಆ ಕಾಲು ಕ್ವಿಂಟಾಲು ದಿನವಿಡೀ ನಮ್ಮ ಜೊತೆಗೇ ನಡೆಯಿತು. ನಿದ್ದೆ ಮಾಡುವ ಪ್ರಾಣಿ ಕಂಡಾಗಲೆಲ್ಲ ಅದರಿಂದ ಒಂದೆರಡು ಕಿಲೋ ಕಡಿತ.

“ಆನೆ ಎಲ್ಲಿ?”

ಇಲ್ಲ. 2001ರಲ್ಲೇ ಇಲ್ಲಿನ ಆನೆಗಳನ್ನು ವಿಪ್ಸ್‌ನೇಡ್ ಎಂಬಲ್ಲಿಗೆ ಸಾಗಿಸಿದ್ದಾರೆ. ಆನೆ, ಘೇಂಡಾಮೃಗಗಳಿಗೆಂದು 1960ರ ದಶಕದಲ್ಲಿ ಕಟ್ಟಿದ ಕಾಂಕ್ರೀಟು ಮನೆ ಮಾತ್ರ ಉಳಿದಿದೆ. “ಆನೆ ಇಲ್ದೇ ಇದ್ದ ಮೇಲೆ ಅದೆಂತ ಝೂ ಮಾರಾಯ್ತಿ! ನಮ್ಮ ಸಕ್ರೆಬೈಲಲ್ಲಿ ಹೊಳೇಲಿ ಆನೆ ಮೈ ತೊಳೀತಾರೆ, ಇಷ್ಟೆಲ್ಲ ದುಡ್ಡು ಕೇಳೋದಿಲ್ಲ.” ಇದು 1828ರ ಝೂ ಅಮ್ಮಾ, ನಮ್ಮ ಮೈಸೂರಿನದು 1892ರದು ಎಂದು ಇವರು ಚರಿತ್ರೆ ತೆಗೆದರು. ಹಳೇದಾದ್ದಕ್ಕೇ ಆನೆ ಖಾಲಿಯಾಗಿದೆ ಎಂದು ಅತ್ತೆ ತೀರ್ಮಾನ ಕೊಟ್ಟರು. ಜಿರಾಫೆ, ಪೆಂಗ್ವಿನ್, ಗೊರಿಲ್ಲ ಎಲ್ಲವೂ ಪಾಸಾದವು. ಆದರೆ ಯಾವುದಕ್ಕೂ ಫಸ್ಟ್ ಕ್ಲಾಸ್ ಸಿಗಲಿಲ್ಲ.

ಹೀಗೆ ಸಿಂಹದ ಜಾಗಕ್ಕೆ ಬಂದೆವು. 2016ರಲ್ಲಿ ಸ್ವತಃ ರಾಣಿಯೇ ಬಂದು ಉದ್ಘಾಟಿಸಿದ ಜಾಗ. ಒಳಗೆ ಕಾಲಿಟ್ಟರೆ ಗುಜರಾತ್! ಸಾಸಣ್ ಗಿರ್ ರೈಲು ನಿಲ್ದಾಣ, ಆಟೋರಿಕ್ಷಾ, ಸೈಕಲ್ಲು, ಮೂಟೆಗಳು, ಬೇಕೆಂದೇ ಹಳೆಯದು ಮಾಡಿದ ಗೋಡೆ. ಗಿರ್ ಮತ್ತದರ ಸುತ್ತಮುತ್ತಲು ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಉಳಿಯದ ಸಿಂಹಗಳು ಇವು, 2015ರ ಗಣತಿಯಲ್ಲಿ ಸಿಕ್ಕದ್ದು ಬರೇ 523. ಮಾವ ಅಲ್ಲಿದ್ದ ಬೆಂಚಿನ ಮೇಲೆ ಕೂತು, “ತಾಳಗುಪ್ಪದ ಗಾಡಿ ಎಷ್ಟೊತ್ತಿಗೆ?” ಎಂದವರು ಗಾಡಿ ಬರುವ ಮುಂಚೆಯೇ ನಿದ್ದೆ ಹೋದರು. ಹ್ಯಾರೋದಲ್ಲೇ ಹುಟ್ಟಿದ ನಮ್ಮ ಮಗ ಪುಟ್ಟ, ಸಿಂಹ ಬಿಟ್ಟು ಆಟೋವನ್ನೇ ನೋಡುತ್ತ ನಿಂತ. ಅವನ ಪಾಲಿಗೆ ಅಪರೂಪದ ಪ್ರಾಣಿ ಅದೇ.

ಗಂಡು ಸಿಂಹದ ಹೆಸರು ಭಾನು ಎಂದೆ. “ಗಂಡಿಗೆ ಭಾನು ಅಂತ ಇಟ್ಟಿದಾರಾ? ಸುಮ್ನೆ ಮಲಗದೆ ಇನ್ನೆಂತ ಮಾಡ್ತದೆ ಪಾಪ!” ಆಮೇಲೆ ಮಾತಿಗೆ ತ್ಯಾವರೆಕೊಪ್ಪದ ಸಫಾರಿ ಬಂತು. ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಸಿಂಹ ಇರುವಾಗ, ಮತ್ತು ಅಲ್ಲಿ ನಾವು ವ್ಯಾನಿನಲ್ಲಿ ಬಂದಿಯಾಗಿ ಸಿಂಹ ಹೊರಗೆ ಓಡಾಡುವಾಗ, ಇದಕ್ಕೆ ಮೂರು ಕಿಲೋಗಿಂತ ಜಾಸ್ತಿ ಕೊಡಬಾರದಿತ್ತು ಎಂದಾಯಿತು.

ಅಷ್ಟರಲ್ಲಿ ಅತ್ತೆ ಸ್ತಬ್ಧರಾದರು. ಎದುರಿಗೆ ಕಪ್ಪು ಮೂತಿ, ಉದ್ದ ಬಾಲದ ನಾಲ್ಕೈದು ಮುಸುವಗಳು ಸೊಪ್ಪು ತಿನ್ನುತ್ತ ಕೂತಿದ್ದವು.

“ಇವು ಇಲ್ಲಿಗೂ ಬಂದವಾ?”

ಎದೆಗೆ ಬ್ಯಾಡ್ಜ್ ಹಚ್ಚಿಕೊಂಡ ಒಬ್ಬ ಬಿಳಿಗೂದಲ ಅಜ್ಜಿ, ಸೀರೆ ನೋಡಿದ್ದೇ ಖುಷಿಯಾಗಿ ಹತ್ತಿರ ಬಂದರು. ಇವು ಹನುಮಾನ್ ಲಂಗೂರ್, ಎಲೆ ಅರಗಿಸಲೆಂದು ಇವುಗಳ ಹೊಟ್ಟೆಯಲ್ಲಿ ಬೇರೆಬೇರೆ ಕೋಣೆಗಳಿವೆ, ಎಂದು ಬಿಡಿಸಿ ಹೇಳಿದರು. ನಾನು ದುಭಾಷಿ.

“ಎಲೆ ತಿನ್ತಾವಾ? ನಮ್ಮಲ್ಲಿ ಸಿಂಗಾರ, ಎಳೆಗಾಯಿ, ಬಾಳೆಗೊನೆ, ಎಲ್ಲ ಆದ ಮೇಲೆ ಹೆಂಚು ಅಂತ ಹೇಳು. ಕಳ್ಳಮುಂಡೇವು ಅಂತ್ಲೂ ಹೇಳು.”

ಇವುಗಳ ಪರಿಚಯ ನಮ್ಮ ಅತ್ತೆಗೆ ಬಹಳ ಹಿಂದಿನದು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು, ಇವುಗಳ ಜೊತೆ ಬದುಕುವ ನಿಮ್ಮದೇ ಪುಣ್ಯ ಎಂಬರ್ಥದ ಮಾತಾಡಿದರು. ಅದನ್ನು ಕನ್ನಡಕ್ಕೆ ತರಬಾರದಿತ್ತು. ತಂದೆ.

“ಹಂಗಾ? ಹತ್ತು ಜೋಡಿ ಕಳಿಸ್ತೇನೆ ಅನ್ನು. ಸಾಗಣೆ ಖರ್ಚೂ ನಂದೇ.”

ಮಾತಾಡಿಸಿದ್ದಕ್ಕೆ ಅತ್ತೆ ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ. ಇಬ್ಬರೂ ಕೈ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. ಹಿಂದೆ ಮುಸುವ.

ಹೊರಡುವಾಗ ಅಂಗಡಿಯ ಮೂಲಕವೇ ಹಾದೆವು. ಪುಟ್ಟ ಪೆಂಗ್ವಿನ್ ಹಿಡಿದ. ಅತ್ತೆ ಮಾತ್ರ ಬೊಂಬೆ ಹುಲಿಗಳ ಮುಂದೆ ನಿಂತು, ಸೀರೆ ಆರಿಸುವವರ ಹಾಗೆ ಒಂದೊಂದರ ಹೊಲಿಗೆ ಎಳೆದು, ಪಟ್ಟೆ ಉಜ್ಜಿ ನೋಡಿ, ಎಲ್ಲಕ್ಕಿಂತ ದೊಡ್ಡದನ್ನು ಕಂಕುಳಲ್ಲಿ ಸಿಕ್ಕಿಸಿದರು. “ಮಳೆಗೆ ಬಣ್ಣ ಬಿಡ್ತದಾ ಕೇಳು.” ಬಿಡುವುದಿಲ್ಲವಂತೆ. ಮೊಮ್ಮಗನ ಮೇಲೆ ಎಷ್ಟು ಪ್ರೀತಿ ಎಂದು ನನ್ನ ಕಣ್ಣು ಒದ್ದೆಯಾಯಿತು. ಬೆಲೆ ಕೇಳಿಯೂ ಅವರು ಅಡಿಕೆ ಲೆಕ್ಕ ಹಾಕಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಊರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತೂಕ ಮಾಡುವಾಗ ವಿಷಯ ಹೊರಬಿತ್ತು. ನೆಂಟರಿಗೆಂದು ನಾನು ತಂದಿಟ್ಟ ಚಾಕೊಲೇಟಿನ ಡಬ್ಬಿಗಳೆಲ್ಲ ಮಂಚದ ಮೇಲೆ, ಸೂಟ್‌ಕೇಸಿನಲ್ಲಿ ಕಾಲು ಮಡಚಿಕೊಂಡು ಹುಲಿ! ತೋಟಕ್ಕೆ ಹುಲಿಬೊಂಬೆ ಕಟ್ಟಿದರೆ ಮಂಗ ಬರೋದಿಲ್ಲ, ಆಚೆಮನೆಯವರು ಗೋವಾದಿಂದ ತರಿಸಿದ್ದಾರೆ, ಆದರೆ ಅದರ ಮುಖ ಬೆಕ್ಕಿನ ಥರ ಇದೆ ಅಂತ ಮಾವ ಮೆಲ್ಲಗೆ ವಿವರಿಸಿದರು.

ವಾರಕ್ಕೆ ವಾಟ್ಸಾಪಿನಲ್ಲಿ ಫೋಟೋ ಬಂತು. ಬಾಳೆಯ ಬುಡಕ್ಕೆ ಹಗ್ಗ ಬಿಗಿದು ನಿಲ್ಲಿಸಿದ ಲಂಡನ್ ಹುಲಿ, ಕೊರಳಲ್ಲಿ ಅಂಗಡಿಯ ಚೀಟಿ ಹಾಗೇ ನೇತಾಡುತ್ತಿದೆ. ಎಂಟು ದಿನ ಒಂದು ಮಂಗ ಇಲ್ಲ, ಊರವರೆಲ್ಲ ಬಂದು ನೋಡಿಕೊಂಡು ಹೋದರಂತೆ.

ಒಂಬತ್ತನೇ ದಿನ ಇನ್ನೊಂದು ಫೋಟೋ. ಹುಲಿಯ ಬೆನ್ನೇರಿ ಕೂತ ಒಂದು ತಾಯಿ ಮುಸುವ, ತಲೆ ಬಗ್ಗಿಸಿ, ಬಲು ಮುತುವರ್ಜಿಯಿಂದ ಅದರ ಕಿವಿಸಂದಿಯಲ್ಲಿ ಹೇನು ಹುಡುಕುತ್ತಿದೆ. ಜೊತೆಗೆ ಅತ್ತೆಯ ದನಿಯ ಸಂದೇಶ: “ಆ ಬ್ಯಾಡ್ಜಿನ ಅಜ್ಜಿ ಸಿಕ್ರೆ ತೋರ್ಸು ಮಾರಾಯ್ತಿ. ಖುಷಿಪಡ್ಲಿ, ಪಾಪ.”