ಲೆದರ್ ಪರ್ಸು ಹೊಲಿದು ಪಾರಾಗುವ ಬಗೆ

ಮೊದಲು ಖರ್ಚು ಮಾಡಿ. ಇರುವುದರಲ್ಲೇ ದೊಡ್ಡ ಕಿಟ್ ತರಿಸಿ, ಸಾಮಾನುಗಳನ್ನು ಸಾಲಾಗಿ ಜೋಡಿಸಿ ಸ್ಟೇಟಸ್‌ಗೆ ಹಾಕಿ. ಅರ್ಧ ಕೆಲಸ ಮುಗಿಯಿತು.

ಬೆನ್ನಿನ ಚರ್ಮ ಬಿಗಿ, ಹೊಟ್ಟೆಯದು ಜಗ್ಗುತ್ತದೆ. ನೀವು ಹೊಟ್ಟೆಯದನ್ನೇ ಆರಿಸಿ, ಅಗ್ಗ. ಪರ್ಸು ಜಗ್ಗಿದರೆ ದುಡ್ಡು ತುಂಬಿದೆ ಎಂದುಕೊಳ್ಳುತ್ತಾರೆ.

ಅಂಚಿನಿಂದ ಮೂರ್ನಾಲ್ಕು ಮಿಲಿಮೀಟರ್ ಒಳಗೆ ಗೆರೆ ಎಳೆದು, ಅದರ ಮೇಲೆ ಸಮದೂರದ ತೂತು ಹಾಕುವುದು ಶಾಸ್ತ್ರ. ಗೆರೆ ಬಿಡಿ, ಕಣ್ಣಳತೆ ಸಾಕು. ಎರಡು ಪದರದ ತೂತುಗಳು ಕೂಡದಿದ್ದರೆ ಸೂಜಿಯನ್ನು ಬಲವಾಗಿ ನೂಕಿ. ತೂತು ಮೊದಲೇ ಇರುವುದರಿಂದ ಚರ್ಮದ ಸೂಜಿಯ ಮೊನೆ ಮೊಂಡು. ಅದನ್ನು ಎತ್ತಿಟ್ಟು, ಬ್ಲೌಸಿಗೆ ಹುಕ್ಸ್ ಹಾಕುವ ಚೂಪು ಸೂಜಿ ತನ್ನಿ. ಅದು ಚರ್ಮ ದಾಟದಿದ್ದರೂ ಹೆಬ್ಬೆರಳನ್ನು ದಾಟುತ್ತದೆ.

ಹೊಲಿಗೆಯ ಉದ್ದಕ್ಕಿಂತ ದಾರ ಮೂರ್ನಾಲ್ಕು ಪಟ್ಟು ಬೇಕು. ಎರಡು ಪಟ್ಟು ಕತ್ತರಿಸಿ. ಮಿತವ್ಯಯ ಒಳ್ಳೆಯ ಗುಣ. ಜೇನುಮೇಣ ಸವರಬೇಡಿ, ಕೈ ಅಂಟಾಗುತ್ತದೆ.

ಇನ್ನು ಹೊಲಿಗೆ. ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಒಂದೊಂದು ತೂತಿನಲ್ಲೂ ಎರಡನ್ನೂ ಎದುರುಬದುರಾಗಿ ದಾಟಿಸುವುದು ಕುದುರೆಯ ಜೀನು ಹೊಲಿಯುವವರ ಪದ್ಧತಿ. ಒಂದು ಕಡೆ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ನಿಮ್ಮ ಪರ್ಸಿನ ಮೇಲೆ ಯಾರೂ ಸವಾರಿ ಮಾಡುವುದಿಲ್ಲ. ಒಂದೇ ಸೂಜಿಯಲ್ಲಿ ಮುಗಿಸಿ.

ಅಥಣಿ, ನಿಪ್ಪಾಣಿಯ ಕಡೆ ಹೋಗಲೇಬೇಡಿ. ಅಲ್ಲಿ ಮೊಳೆಯಿಲ್ಲದೆ, ಚರ್ಮದ ಎಳೆಯಿಂದಲೇ ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಆ ಕೈಗಳನ್ನು ನೋಡಿದರೆ ನಿಮ್ಮ ಉತ್ಸಾಹ ಉಡುಗುತ್ತದೆ.

ವಾರದೊಳಗೆ ಪರ್ಸು ಬಾಯಿ ಬಿಡುತ್ತದೆ. ಗಾಬರಿಯಾಗಬೇಡಿ. ಬಸ್‌ಸ್ಟ್ಯಾಂಡ್ ಪಕ್ಕ ಕೊಡೆಯಡಿ ಕೂತು ಚಪ್ಪಲಿ ಹೊಲಿಯುವವರ ಹತ್ತಿರ ಒಯ್ಯಿರಿ. ಅವರು ನಿಮ್ಮ ದಾರವನ್ನೆಲ್ಲ ಕಿತ್ತೆಸೆದು, ಕೊಕ್ಕೆ ಇರುವ ಆರಿಯನ್ನು ಮೇಲಿನಿಂದ ಚುಚ್ಚಿ, ಅಡಿಯಲ್ಲಿ ಎಡಗೈ ದಾರವನ್ನು ಕೊಕ್ಕೆಗೆ ಸಿಕ್ಕಿಸಿದ್ದೇ ತಡ, ಸರ್ರನೆ ಮೇಲೆಳೆಯುತ್ತಾರೆ. ಕೆಳಗೆ ನೋಡುವುದೂ ಇಲ್ಲ. ಐವತ್ತು ರೂಪಾಯಿ ಕೇಳುತ್ತಾರೆ. ಹೌಹಾರಿ, ಮೂವತ್ತಕ್ಕೆ ಇಳಿಸಿ, ಚಿಲ್ಲರೆ ಇಲ್ಲವೆಂದು ಇಪ್ಪತ್ತೇ ಕೊಡಿ.

ಮನೆಗೆ ಬಂದು ಪರ್ಸಿನ ಒಳಗೆ ನಿಮ್ಮ ಹೆಸರು ಒತ್ತಿ, ಎರಡೂವರೆ ಸಾವಿರಕ್ಕೆ ಮಾರಾಟಕ್ಕಿಡಿ. ನಿಜವಾಗಿಯೂ ಕೈಯಲ್ಲೇ ಹೊಲಿದದ್ದಾ ಎಂದು ಯಾರಾದರೂ ಅನುಮಾನಿಸಿದರೆ, ಹೆಬ್ಬೆರಳಿನ ಬ್ಯಾಂಡೇಜು ತೋರಿಸಿ.