ಚಾರ್ಮಿನಾರಿನ ಬಾಗಿಲಲ್ಲಿ ನಿಂತ ಐನ್: ಒಂದು ಮಹಾಪ್ರಬಂಧದ ಸಂಕ್ಷೇಪ

ವಳಕಮದಿನ್ನಿ, ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಗೆ ವಿದ್ವತ್ತಿನ ನಂಟು ಹಳೆಯದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬಂಡೆಶಾಸನ ಪತ್ತೆಹಚ್ಚಿದ. ಅದರಲ್ಲಿ ಅಶೋಕನ ಹೆಸರೇ ಸಿಕ್ಕು ದೇವಾನಾಂಪ್ರಿಯ ಯಾರೆಂಬ ಜಗಳ ತಣ್ಣಗಾಯಿತು. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ ಹುಟ್ಟಿದ, ಅದಕ್ಕಿಂತ ಗಹನವಾದ ಪ್ರಶ್ನೆಯೊಂದು ಹಾಗೇ ಬಿದ್ದಿದೆ: ನಿಜಾಮರ 'ಹಾಲಿ' ರೂಪಾಯಿಯ ಮೇಲಿನ ಐನ್ ಅಕ್ಷರ ಗಿಡ್ಡದೋ, ಉದ್ದದೋ?

ಪಾಮರರ ಅನುಕೂಲಕ್ಕೆ ಹೇಳುವುದಾದರೆ, ಈ ಸೀಮೆ ಆಗ ನಿಜಾಮರದು. ಮೀರ್ ಮಹಬೂಬ್ ಅಲಿ ಖಾನರ ರೂಪಾಯಿಯಲ್ಲಿ ಚಾರ್ಮಿನಾರಿನ ಬಾಗಿಲೊಳಗೆ ಅವರ ಹೆಸರಿನ 'ಮೀಮ್' ಅಕ್ಷರ ಕೂತಿತ್ತು. 1911ರಲ್ಲಿ ಮಗ ಉಸ್ಮಾನ್ ಅಲಿ ಖಾನ್ ಗಾದಿಗೇರಿದರು. ಮೀಮ್ ಹೊರಬಿದ್ದು 'ಐನ್' ಒಳಬಂತು. ಹಿಜರಿ 1329ರ ಅಚ್ಚಿನಲ್ಲಿ ಐನಿನ ತಲೆ ಮಾತ್ರ ಇದೆ. 1330ರಲ್ಲಿ ಹೊಟ್ಟೆ, ಬಾಲ ಸಮೇತ ಪೂರ್ಣ ಐನ್ ಬಂತು. ಸಾಸಿವೆಯಷ್ಟು ಗಾತ್ರದ ಈ ಬಾಲವೇ ನಮ್ಮ ಶಾಸ್ತ್ರದ ತಳಹದಿ.

ಶಾಸ್ತ್ರಜ್ಞರಲ್ಲಿ ಎರಡು ಪಂಥ. ಭೂತಗನ್ನಡಿಯವರು ಬಾಲ ಹುಡುಕುತ್ತಾರೆ. ಹುಣಸೆಹಣ್ಣಿನವರು ನಾಣ್ಯವನ್ನು ಮೊದಲು ಗಸಗಸ ತಿಕ್ಕಿ ತೊಳೆಯಬೇಕೆನ್ನುತ್ತಾರೆ. ತಿಕ್ಕಿದ ಮೇಲೆ ಅಕ್ಷರ ಸವೆಯುತ್ತದೆ, ಬೆಲೆ ಇಳಿಯುತ್ತದೆ, ವಾದಕ್ಕೆ ಆಸ್ಪದವೇ ಉಳಿಯುವುದಿಲ್ಲ. ಇವರ ಶಾಂತಿಪ್ರಿಯತೆ ಶ್ಲಾಘನೀಯ. ನಾಣ್ಯದ ಮೇಲಿನ 92 ನೋಡಿ 1892ರದೆಂದು ಸಾಧಿಸುವ ಉಪಪಂಥವೂ ಉಂಟು. ಅದು ಮುಹಮ್ಮದ್ ಎಂಬ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದ ಮೊತ್ತ ಎಂದರೆ ಅವರು ಕೂಡಿಸಲು ಕೂರುತ್ತಾರೆ, ಏಳುವುದಿಲ್ಲ.

ಇನ್ನು ಬೆಸುಗೆಯ ನಿಯಮ: ಕೊರಳ ಸರಕ್ಕೆ ಪೋಣಿಸಲು ರೂಪಾಯಿಗೆ ಕೊಂಡಿ ಬೆಸೆದಾಗ, ಬೆಸುಗೆ ತಪ್ಪದೆ ಇಸವಿಯ ಮೇಲೇ ಕೂರುತ್ತದೆ. ಅಪವಾದ ಕಂಡಿಲ್ಲ.

ಕ್ಷೇತ್ರಕಾರ್ಯ ಪತ್ತಾರರ ಅಂಗಡಿಯಲ್ಲಿ ನಡೆಯಿತು.

"ಇದರ ಐನ್ ಗಿಡ್ಡ ಐತಿ, ಕರಗಸಬ್ಯಾಡ್ರಿ."

"ಗಿಡ್ಡಿದ್ರೇನು, ಉದ್ದಿದ್ರೇನ್ರೀ? ತೂಕ ಒಂದ ಐತಲ್ಲ."

ಇದು ಪೂರ್ವಪಕ್ಷ, ಖಂಡಿಸುವುದು ಕಷ್ಟ. ಎರಡೂ 11.178 ಗ್ರಾಂ, ನೂರಕ್ಕೆ ಸುಮಾರು 82 ಪಾಲು ಬೆಳ್ಳಿ. ಇಂಗ್ಲಿಷರ ಕಲದಾರ ರೂಪಾಯಿಯಾದರೆ 11.66 ಗ್ರಾಂ, ಬೆಳ್ಳಿಯೂ ಹೆಚ್ಚು. ಆಗ ಹೆಚ್ಚುಕಡಿಮೆ ಏಳು ಹಾಲಿ ಕೊಟ್ಟರೆ ಆರು ಕಲದಾರ ಸಿಗುತ್ತಿತ್ತು. ಪತ್ತಾರರ ತಕ್ಕಡಿಗೆ ಫಾರಸಿ ಬರುವುದಿಲ್ಲ.

ಸಿದ್ಧಾಂತ ಹುಟ್ಟುವುದು ಇಲ್ಲೇ. ವಿರಳ ನಾಣ್ಯವನ್ನು ತಯಾರಿಸುವುದು ಟಂಕಸಾಲೆಯಲ್ಲ, ಮೂಸೆ. ಅದೇ 1911ರ ಕಲದಾರದಲ್ಲಿ ಐದನೇ ಜಾರ್ಜ್ ದೊರೆಯ ಎದೆಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ಸುಮಾರು 94 ಲಕ್ಷ ಅಚ್ಚಾಗಿದ್ದರೂ ಜನರ ಕೈಸೇರಿದ್ದು ಸುಮಾರು 7 ಲಕ್ಷ. ಮಿಕ್ಕವು ಕುಲುಮೆಗೆ ಹೋದವು. ಮರುವರ್ಷ ತಿದ್ದಿದ ಆನೆಯನ್ನು ಇಂದು ಕೇಳುವವರಿಲ್ಲ. ಎಲ್ಲರಿಗೂ ಹಂದಿಯೇ ಬೇಕು.

ಆದಕಾರಣ, ಪತ್ತಾರರಿಗೆ ಸಂಗ್ರಾಹಕರು ಇದ್ದಿಲಿನ ಖರ್ಚು ಕೊಡತಕ್ಕದ್ದೆಂದೂ, ಒಂದನ್ನು ಬಿಟ್ಟು ಈ ಸೀಮೆಯ ಎಲ್ಲ ಗಿಡ್ಡ ಐನುಗಳನ್ನು ಕರಗಿಸತಕ್ಕದ್ದೆಂದೂ, ಆ ಒಂದು ಯಾರ ಬಳಿ ಇರಬೇಕೆಂಬುದನ್ನು ಪ್ರಬಂಧಕಾರನ ವಿವೇಚನೆಗೆ ಬಿಡತಕ್ಕದ್ದೆಂದೂ ಮಂಡಿಸಲಾಗಿದೆ.