ಗಾಳಿ ಮೇಸ್ತ್ರಿ

ಮೈಸೂರಿನ ದಸರಾ ವಸ್ತುಪ್ರದರ್ಶನವಿರಲಿ, ನಿಮ್ಮೂರ ಜಾತ್ರೆಯಿರಲಿ, ಜಯಂಟ್ ವೀಲ್ ನೋಡಿರುತ್ತೀರಿ, ಕೊಲಂಬಸ್ ಹಡಗಿನಲ್ಲಿ ಕೂತು ಮನೆದೇವರನ್ನು ಕೂಗಿರುತ್ತೀರಿ. ಗಾಳಿ ಮೇಸ್ತ್ರಿಯನ್ನು ಮಾತ್ರ ನೋಡಿರುವುದಿಲ್ಲ. ಅವರಿರುವುದು ಎಣ್ಣೆ, ಗಾಳಿಯ ಒತ್ತಡದಲ್ಲಿ ಎದ್ದು ತಿರುಗುವ ಟೋರಾ ಟೋರಾ ಎಂಬ ಆಟದ ಅಡಿಯಲ್ಲಿ, ಅಂಗಾತ ಮಲಗಿ. ಹೊರಗೆ ಕಾಣುವುದು ಎರಡು ಹವಾಯಿ ಚಪ್ಪಲಿ ಅಷ್ಟೇ.

ಪ್ಯಾಸ್ಕಲ್ ಎಂಬ ಫ್ರೆಂಚ್ ಪಂಡಿತ 17ನೇ ಶತಮಾನದಲ್ಲಿ ಕಂಡುಕೊಂಡ ತತ್ವ ಮೇಸ್ತ್ರಿಯ ಬಾಯಲ್ಲಿ ಹೀಗೆ ಬರುತ್ತದೆ: "ಎಣ್ಣೆ ಅಮುಕಿದ್ರೆ ಕುಗ್ಗಲ್ಲ ಸಾರ್, ಇಲ್ಲಿ ಒತ್ತಿದ್ರೆ ಅಲ್ಲಿ ಎತ್ತುತ್ತೆ. ಗಾಳಿ ಹಂಗಲ್ಲ. ಈಗ ಕುಗ್ಗಿ ಕೂತಿರುತ್ತೆ, ಸಮಯ ನೋಡ್ಕೊಂಡು ಹಾರುತ್ತೆ." ಅವರ ಒತ್ತಡದ ಲೆಕ್ಕವೆಲ್ಲ ಕೆಜಿಯಲ್ಲಿ. ಕಂಪ್ರೆಸರ್‌ನಲ್ಲಿ ಆರೇಳು ಕೆಜಿ ಗಾಳಿ, ದೊಡ್ಡ ಜಾಕ್‌ನಲ್ಲಿ ನೂರು ದಾಟಿದ ಎಣ್ಣೆ. 'ಚದರ ಸೆಂಟಿಮೀಟರಿಗೆ' ಎಂಬ ಬಾಲವನ್ನು ಯಾವ ಕಾಲದಲ್ಲೋ ಕತ್ತರಿಸಿ ಎಸೆದಿದ್ದಾರೆ.

ಬೆಳಿಗ್ಗೆ ಊದುಬತ್ತಿಗೂ ಮೊದಲು ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ನೀರು ಬಿಡುತ್ತಾರೆ. ಗಾಳಿಯನ್ನು ಒತ್ತಿ ತುಂಬಿದರೆ ಅದರೊಳಗಿನ ತೇವ ನೀರಾಗಿ ತಳ ಸೇರುತ್ತದೆ, ದಸರಾ ಮಳೆಯಲ್ಲಿ ಇನ್ನೂ ಹೆಚ್ಚು. ಬಿಡದಿದ್ದರೆ ಟ್ಯಾಂಕಿಗೆ ತುಕ್ಕು. ಆಮೇಲೆ ಗಾಜಿನ ಲೋಟದಲ್ಲಿ ಹೈಡ್ರಾಲಿಕ್ ಎಣ್ಣೆ ಹಿಡಿದು ಬಿಸಿಲಿಗೆ ಎತ್ತಿ ನೋಡುವುದು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಆ ದಿನ ಆಟ ಬಂದ್. ಲೋಟ ಯಾವತ್ತೂ ಟೀ ಅಂಗಡಿಯದು. ಅಂಗಡಿಯವನು ಈಗ ಇವರಿಗೆ ಪೇಪರ್ ಕಪ್ಪಿನಲ್ಲೇ ಟೀ ಕೊಡುತ್ತಾನೆ.

ಊರಲ್ಲೂ ಅವರ ಕಿವಿಗೆ ರಜೆ ಇಲ್ಲ. ಸಿಟಿ ಬಸ್ಸಿನ ಬಾಗಿಲು 'ಬುಸ್' ಅಂದರೆ ಫುಟ್‌ಬೋರ್ಡ್ ಮೇಲೇ ನಿಂತು ತಲೆ ಓರೆ ಮಾಡಿ ಆಲಿಸುತ್ತಾರೆ. "ಒಳಗೆ ನಡೀರಿ ಯಜಮಾನ್ರೇ" ಎಂದು ಕಂಡಕ್ಟರ್ ಗದರಿದರೆ, "ಓ ರಿಂಗ್ ಹೋಗಿದೆ ಕಣಪ್ಪ" ಎಂದು ಸಂತಾಪ ಸೂಚಿಸುತ್ತಾರೆ.

ಆಯುಧಪೂಜೆಯ ದಿನ ಇವರಿಗೂ ಪೂಜೆ ಮಾಡುವವರಿಗೂ ಜಗಳ ಖಾಯಂ. ಕಂಪ್ರೆಸರ್‌ಗೆ ಎಷ್ಟು ಬೇಕಾದರೂ ಕುಂಕುಮ ಹಚ್ಚಿ, ಜಾಕ್‌ನ ಹೊಳೆಯುವ ರಾಡ್ ಮುಟ್ಟಕೂಡದು. ಆ ಪುಡಿ ಕೂತರೆ ರಾಡ್ ಗೀರಿ ಸೀಲ್ ಹರಿಯುತ್ತದೆ. ದೇವರಿಗೆ ಅರ್ಥವಾಗುತ್ತದೆ, ಆಟದ ಮಾಲೀಕ ಸಾಹುಕಾರರಿಗೆ ಆಗುವುದಿಲ್ಲ.

ನಗು ಬಿಟ್ಟು ಕೂಗಾಡುವುದು ಒಂದೇ ವಿಷಯಕ್ಕೆ. ಹೋಸ್ ಪೈಪ್ ಎಲ್ಲಿ ಸೋರುತ್ತಿದೆ ಎಂದು ಹೆಲ್ಪರ್ ಹುಡುಗ ಕೈ ಸವರಲು ಹೋದ. "ಏಯ್, ಕೈ ತೆಗಿಯೋ!" ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯನ್ನೇ ಕತ್ತರಿಸಬೇಕಾಗಬಹುದು. ಮೇಸ್ತ್ರಿ ಮೈಸೂರುಪಾಕಿನ ಡಬ್ಬಿಯ ರಟ್ಟು ಹರಿದು ಪೈಪಿನುದ್ದಕ್ಕೂ ದೂರದಿಂದ ಹಿಡಿದರು. ರಟ್ಟು ಒದ್ದೆಯಾದಲ್ಲಿ ಕಳ್ಳ ಸಿಕ್ಕಿಬಿದ್ದ.

ಸಾಹುಕಾರರು ಬಣ್ಣದ ಲೈಟಿಗೆ ಕೇಳದೆಯೇ ದುಡ್ಡು ಬಿಚ್ಚುತ್ತಾರೆ, ಸೀಲ್ ಕಿಟ್ ಎಂದರೆ "ಹೋದ ವರ್ಷ ತಂದಿದ್ದೆವಲ್ಲ?" ಎನ್ನುತ್ತಾರೆ. ಒಂದು ಭಾನುವಾರ ಸಂಜೆ ಗಾಳಿ ಇಳಿಯುತ್ತಿದೆಯೆಂದು ಮೇಸ್ತ್ರಿ ಆಟ ನಿಲ್ಲಿಸಿದ್ದರು.

"ಲೈನು ಗೇಟ್ ದಾಟಿದೆ ಕಣಯ್ಯ, ಒಂದು ರೌಂಡ್ ಬಿಡು."

"ಆಗ್ಲಿ ಸಾರ್. ಲಾಕ್ ಟೆಸ್ಟ್ ಮಾಡ್ಬೇಕು, ಕೂತ್ಕೊಳಿ."

ಸಾಹುಕಾರರು ಕೂತರು. ತೊಡೆಯ ಮೇಲೆ ಕಂಬಿ ಬಿತ್ತು. ಮೇಸ್ತ್ರಿ ಗಾಳಿ ಪೈಪ್ ಕಿತ್ತರು.

"ಗಾಳಿ ಹೋದ್ರೂ ಕಂಬಿ ಏಳಬಾರದು. ಸ್ಪ್ರಿಂಗ್ ಹಿಡ್ಕೊಂಡಿರುತ್ತೆ. ನೋಡಿ, ಲಾಕ್ ಫಸ್ಟ್ ಕ್ಲಾಸ್."

"ಸರಿ, ಬಿಚ್ಚು."

"ಬಿಚ್ಚೋಕೆ ಗಾಳಿ ಬೇಕಲ್ಲ ಸಾರ್." ಜೇಬಿನಿಂದ ಚೀಟಿ ತೆಗೆದರು. "ಸೀಲ್ ಕಿಟ್ ಒಂದು, ಹೋಸ್ ಎರಡು, ಫಿಲ್ಟರ್..."

ಸಾಹುಕಾರರು ಕೂತಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದರು.

ಟೋರಾ ಟೋರಾಕ್ಕೆ ಟಿಕೆಟ್ ತೆಗೆಯುವ ಮುನ್ನ ನೀವೂ ಬಗ್ಗಿ ಒಮ್ಮೆ ಜಾಕ್ ನೋಡಿ. ಕೆಳಗೆ ಎಣ್ಣೆ ಮಡುಗಟ್ಟಿದ್ದರೆ ಆ ದುಡ್ಡಿಗೆ ಡೆಲ್ಲಿ ಹಪ್ಪಳ ತಿನ್ನಿ. ಆಟ ನಿಂತಿದ್ದು, ಅಡಿಯಲ್ಲಿ ಯಾರೋ ಮಲಗಿದ್ದರೆ ಮಾತ್ರ ದಯವಿಟ್ಟು ಶಿಳ್ಳೆ ಹೊಡೆಯಬೇಡಿ. ಅವರು ಗಾಳಿ ಸೋರುವ ಸದ್ದು ಹುಡುಕುತ್ತಿರುತ್ತಾರೆ.